ಲಿಫ್ಟಿನ ನೆತ್ತಿಯ ಮೇಲೆ ಮಿಲಿಟ್ರಿ

ಬೆಳಿಗ್ಗೆ ಐದೂವರೆ. ಹನ್ನೊಂದು ಮಹಡಿಯ ಕಟ್ಟಡ ಇನ್ನೂ ಕಣ್ಣು ಬಿಟ್ಟಿಲ್ಲ. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ, ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳ ಪಕ್ಕದಲ್ಲಿ, ನಲವತ್ತೊಂದು ವರ್ಷ ವಯಸ್ಸಿನ ಗಟ್ಟಿಮುಟ್ಟಾದ ಮನುಷ್ಯರೊಬ್ಬರು ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. "ಕೆಳಗೆ," ಎನ್ನುತ್ತದೆ ಪಕ್ಕದ ಹೆಣ್ಣುದನಿ. "ಕೆಳಗೆ," ಎಂದು ಇವರು ತಿರುಗಿ ಹೇಳಿ, ಆಮೇಲೆ ಬಟನ್ ಒತ್ತುತ್ತಾರೆ. ಕೇಳಿದ್ದನ್ನು ಬಾಯಿಬಿಟ್ಟು ಹೇಳದೆ ಬೆರಳು ಅಲುಗಿಸುವಂತಿಲ್ಲ. ಈ ಕಸುಬಿನ ಮೊದಲ ಪಾಠವೇ ಅದು. ಬೆಳಗಿನ ಚಳಿಯಲ್ಲೂ ಇವರ ಹಣೆ ಬೆವರಿದೆ.

ಹದಿನೇಳು ವರ್ಷ ಸೇನೆಯ ಫಿರಂಗಿ ದಳದಲ್ಲಿದ್ದು ಬಂದ ಇವರನ್ನು ಎಲ್ಲರೂ ಕರೆಯುವುದು 'ಮಿಲಿಟ್ರಿ' ಎಂದು. ಈಗ ಲಿಫ್ಟ್ ರಿಪೇರಿ ಕಲಿಯುವ ಅಪ್ರೆಂಟಿಸ್. ಕಲಿಸುವ ಮೆಕ್ಯಾನಿಕ್ ಇವರಿಗಿಂತ ಹದಿಮೂರು ವರ್ಷ ಚಿಕ್ಕ ಹೆಣ್ಣುಮಗಳು. ಆಕೆಗೆ ಇವರು 'ಅಣ್ಣ', ಇವರಿಗೆ ಆಕೆ 'ಮೇಡಂ'. "ಅಲ್ಲಿ ಮೂವತ್ತು ಜನಕ್ಕೆ ಹುಕುಂ ಕೊಡ್ತಿದ್ದೆ. ಇಲ್ಲಿ ಸ್ಪಾನರ್ ಕೊಡೋಕೂ ತಡವರಿಸ್ತೀನಿ," ಎಂದು ನಗುತ್ತಾರೆ.

ದಿನಕ್ಕೆ ಏಳು ಕಟ್ಟಡ, ಹತ್ತು ಹನ್ನೆರಡು ಲಿಫ್ಟು. ಕೆಟ್ಟು ನಿಂತ ಲಿಫ್ಟು ಇವರನ್ನು ಮೇಲೆ ಒಯ್ಯುವುದಿಲ್ಲವಲ್ಲ, ಸಾವಿರದ ಚಿಲ್ಲರೆ ಮೆಟ್ಟಿಲು ಹತ್ತಬೇಕು. "ಹೆಸರಿಗೆ ಲಿಫ್ಟಿನ ಕೆಲಸ, ಅಪ್ಪ ಹತ್ತೋದೆಲ್ಲ ಮೆಟ್ಟಿಲೇ," ಎಂದು ಮಗಳು ಕಾಲೆಳೆಯುತ್ತಾಳೆ. ಮೊದಲ ಕಟ್ಟಡದ ನಿವಾಸಿಗಳು ಎದ್ದು ಲಿಫ್ಟಿಗೆ ಕಾಯುವಷ್ಟರಲ್ಲಿ ಮೇಡಂ, ಮಿಲಿಟ್ರಿ ಇಬ್ಬರೂ ಜಾಗ ಖಾಲಿ ಮಾಡಿರುತ್ತಾರೆ.

ಮಿಲಿಟ್ರಿಯನ್ನು ಹೆದರಿಸುವುದು ಮೆಟ್ಟಿಲಲ್ಲ, ಎಡಗಿವಿ. ಫಿರಂಗಿಯ ಸದ್ದಿಗೆ ಅದು ಎಂದೋ ಮಂದವಾಗಿದೆ. ಕೆಲಸದ ಅರ್ಜಿಯಲ್ಲಿ ಆ ಸಂಗತಿ ಬರೆಯಲಿಲ್ಲ. "ಬರೆದ್ರೆ ತಗೋತಾರಾ? ವಾಚ್‌ಮನ್ ಕೆಲಸ ಸಿಗ್ತಿತ್ತು. ಕೂತು ಕೂತು ತುಕ್ಕು ಹಿಡೀತೀನಿ ಅನ್ನಿಸ್ತು." ಎಂಟು ತಿಂಗಳು ಮೇಡಂ ಅವರನ್ನು ಸದಾ ಬಲಗಡೆ ಇಟ್ಟುಕೊಂಡು, ತುಟಿ ನೋಡಿ ಹೇಗೋ ನಿಭಾಯಿಸಿದರು. ಗುಟ್ಟು ಗೊತ್ತಿದ್ದದ್ದು ಹೆಂಡತಿಗೊಬ್ಬರಿಗೇ. "ಹೇಳ್ಬಿಡ್ರೀ, ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಏನ್ ಗತಿ?" ಎಂದು ಆಕೆ ದಿನವೂ ಗೋಗರೆಯುತ್ತಿದ್ದರು.

ಕಳೆದ ತಿಂಗಳು ಆ ಹೆಚ್ಚುಕಮ್ಮಿ ಆಗಿಯೇಬಿಡುತ್ತಿತ್ತು. ಮೇಡಂ ಲಿಫ್ಟಿನ ತಳದ ಹಳ್ಳದಲ್ಲಿದ್ದರು, ಮಿಲಿಟ್ರಿ ಪೆಟ್ಟಿಗೆಯ ಮೇಲೆ ಬಟನ್ ಒತ್ತುತ್ತಿದ್ದರು. "ನಿಲ್ಸಿ!" ಎಂಬ ಕೂಗು ಮೋಟಾರಿನ ಗದ್ದಲದಲ್ಲಿ ಇವರಿಗೆ ಕೇಳಲಿಲ್ಲ. ಪೆಟ್ಟಿಗೆ ಇಳಿಯುತ್ತಲೇ ಹೋಯಿತು. ಆಕೆ ಗೋಡೆಯ ಕೆಂಪು ಸ್ವಿಚ್ಚನ್ನು ಗುದ್ದಿ ತಾವೇ ನಿಲ್ಲಿಸಿದಾಗ ತಲೆಯ ಮೇಲೆ ಉಳಿದಿದ್ದು ಒಂದೇ ಗೇಣು.

ಮಿಲಿಟ್ರಿ ಇಳಿದು ಬಂದು ಆಕೆಯ ಎದುರು ನಿಂತರು. "ಮೇಡಂ, ನನಗೆ ಎಡಗಿವಿ ಕೇಳಲ್ಲ. ಸೇರಿದ ದಿನದಿಂದ ಮುಚ್ಚಿಟ್ಟಿದ್ದೀನಿ."

ಆಕೆ ಹೆಲ್ಮೆಟ್ ಕಳಚಿದರು. "ಕಿವಿ ಕೇಳದಿರೋದು ತಪ್ಪಲ್ಲ ಅಣ್ಣ. ನಾನು ನಿಮ್ಮನ್ನ ನಂಬಿ ಕೆಳಗಿಳಿದಿದ್ದೆ. ಆಫೀಸಿಗೆ ನೀವೇ ಬರೆದುಕೊಡಿ. ಇವತ್ತೇ."

ಬರೆದುಕೊಟ್ಟರು. "ಹದಿನೈದು ದಿನ ಮನೇಲಿ ಕೂರಿಸಿದ್ರು. ಫೋನ್ ಬಡ್ಕೊಂಡಾಗೆಲ್ಲ ಕೆಲಸ ಹೋಯ್ತು ಅಂದ್ಕೊಳ್ತಿದ್ದೆ." ಕಿವಿಯ ತಪಾಸಣೆ ಆಯಿತು, ಶ್ರವಣಯಂತ್ರ ಬಂತು. ಕೆಲಸವೇನೋ ಉಳಿಯಿತು, ಷರತ್ತಿನ ಮೇಲೆ: ಮೂರು ತಿಂಗಳು ಮೇಡಂ ಪಕ್ಕದಲ್ಲಿದ್ದರಷ್ಟೇ ಬಟನ್ ಮುಟ್ಟಬೇಕು, ಆಮೇಲೆ ಪರೀಕ್ಷೆ. ಫೇಲಾದರೆ ಮನೆಯ ದಾರಿ. ಪರೀಕ್ಷೆಗೆ ಇನ್ನು ಹತ್ತು ವಾರ. ಈಗಲೂ ಬೆಳಗಿನ ಜಾವ ಬೆಚ್ಚಿ ಏಳುತ್ತಾರೆ.

ಪಾಸಾದರೆ ಏನು ಆಸೆ ಎಂದು ಕೇಳಿದರೆ ಕೈಯ ಗ್ರೀಸು ಒರೆಸಿಕೊಳ್ಳುತ್ತಾರೆ.

"ಸರ್ಟಿಫಿಕೇಟು ಆಫೀಸಿನವರು ಕೊಡ್ತಾರೆ ಬಿಡಿ. ನನ್ನೊಬ್ಬನನ್ನೇ ಮೇಲೆ ಬಿಟ್ಟು ಮೇಡಂ ಇನ್ನೊಂದು ಸಲ ಹಳ್ಳಕ್ಕೆ ಇಳಿದ್ರೆ ಸಾಕು."