ಗಡಂಗಿನಲ್ಲಿ ಒಂದು ಕೆಮ್ಮು

ನಿಂತು ಕಳ್ಳು ಕುಡಿಯುವ ಮನುಷ್ಯನಿಗೆ ತನ್ನ ಎಡಗೈಯನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಬಲಗೈಗೆ ಕಳ್ಳು ತುಂಬಿದ ತೆಂಗಿನ ಗೆರಟೆ ಹಿಡಿಯುವ ಉದ್ಯೋಗವಿದೆ. ನಿರುದ್ಯೋಗಿಯಾದ ಎಡಗೈ ಮಾತ್ರ ಒಮ್ಮೆ ಸೊಂಟಕ್ಕೆ, ಒಮ್ಮೆ ತಲೆಗೆ ಹೋಗಿ, ಎಲ್ಲಿಯೂ ನೆಲೆ ಕಾಣದೆ ಕೊನೆಗೆ ಬೆನ್ನ ಹಿಂದೆ ಅಡಗಿಕೊಳ್ಳುತ್ತದೆ. ಬೆಂಚಿನ ಮೇಲೆ ಕುಳಿತವನಿಗೆ ಈ ಸಂಕಟವಿಲ್ಲ. ಅವನ ಎಡಗೈ ತಾನಾಗಿಯೇ ಪಕ್ಕದವನ ಹೆಗಲೇರುತ್ತದೆ. ಆ ಹೆಗಲಿನ ಆಸರೆಯಲ್ಲೇ ಜಗತ್ತಿನ ಸಮಸ್ತ ವಿಷಯಗಳ ಬಗ್ಗೆ ಖಚಿತವಾದ ಅಭಿಪ್ರಾಯಗಳು ಹುಟ್ಟುತ್ತವೆ. ಸಾರ್ವಜನಿಕ ಅಭಿಪ್ರಾಯವೆಂದು ದೊಡ್ಡವರು ಹೇಳುವ ವಸ್ತುವಿಗೆ ನಾಲ್ಕು ಕಾಲುಗಳಿವೆ, ಅವು ಬೆಂಚಿನವು ಎಂಬುದು ನನ್ನ ಸಿದ್ಧಾಂತ.

ಆ ಜ್ವರದ ವರ್ಷ ನಮ್ಮ ಮುನ್ಸಿಪಾಲಿಟಿ ಆ ಬೆಂಚುಗಳನ್ನೇ ಎತ್ತಿಸಿ ಹೊರಗೆ ಹಾಕಿಸಿತು.

ದೂರದ ಲಡಾಯಿ ಮುಗಿಯುತ್ತ ಬಂದಿದ್ದ ಕಾಲ. ಬೆಳಿಗ್ಗೆ ಕೆಲಸಕ್ಕೆ ಬಂದವನು ಮಧ್ಯಾಹ್ನ ಚಳಿಯೆಂದು ಮಲಗಿದರೆ ಮತ್ತೆ ಏಳುತ್ತಾನೆಂಬ ಖಾತ್ರಿಯಿರಲಿಲ್ಲ. ಹಂಪನಕಟ್ಟೆಯ ಅಂಗಡಿಗಳು ಅರ್ಧ ಬಾಗಿಲು ಮುಚ್ಚಿಕೊಂಡು, ಗಿರಾಕಿಯನ್ನು ಸಾಲಗಾರನನ್ನು ನೋಡುವಂತೆ ಸಂದಿಯಿಂದ ನೋಡುತ್ತಿದ್ದವು. ಆಗ ಡಂಗುರ ಬಂತು: ಗಡಂಗುಗಳಲ್ಲಿ, ಅಂದರೆ ನಮ್ಮೂರ ಕಳ್ಳಿನಂಗಡಿಗಳಲ್ಲಿ, ಯಾರೂ ಕೂರತಕ್ಕದ್ದಲ್ಲ, ಒಬ್ಬನಿಂದ ಒಬ್ಬನು ಒಂದು ಗಜ ದೂರ ನಿಲ್ಲತಕ್ಕದ್ದು, ಅವರವರ ಗೆರಟೆ ಅವರವರು ತರತಕ್ಕದ್ದು, ಕೆಮ್ಮುವವರನ್ನು ಊರ ಹೊರಗಿನ ಜ್ವರದ ಶೆಡ್ಡಿಗೆ ಸಾಗಿಸಲಾಗುವುದು. ಶೆಡ್ಡಿಗೆ ಹೋದವರು ಹಿಂದೆ ಬರುವುದಿಲ್ಲವೆಂದು ಊರೆಲ್ಲ ನಂಬಿತ್ತು.

ಈ ಹುಕುಮಿನ ವಿಷಯದಲ್ಲಿ ನನಗೆ ಎರಡು ದೃಢವಾದ ಅಭಿಪ್ರಾಯಗಳಿದ್ದವು. ಹಗಲು ಹಂಪನಕಟ್ಟೆಯ ಜವಳಿ ಅಂಗಡಿಯಲ್ಲಿ ಸೀರೆ ಮಡಚುತ್ತ, ಧಣಿಗಳಿಗೆ ಕೇಳಿಸುವಂತೆ, ಗಡಂಗುಗಳನ್ನು ಪೂರ್ತಿ ಮುಚ್ಚಿಸಬೇಕೆಂದು ವಾದಿಸುತ್ತಿದ್ದೆ. ಸಂಜೆ ಬಿಕರ್ನಕಟ್ಟೆಯ ಗಡಂಗಿನಲ್ಲಿ ಗೆರಟೆ ಹಿಡಿದು, ಇದು ಬಡವನ ಗಂಟಲಿನ ಮೇಲೆ ನಡೆದ ಘೋರ ಅತ್ಯಾಚಾರವೆಂದು ಗುಡುಗುತ್ತಿದ್ದೆ. ಎರಡೂ ಕಡೆ ತಲೆಗಳು ಆಡುತ್ತಿದ್ದವು. ಒಂದೇ ನಾಲಿಗೆಯಿಂದ ಇಷ್ಟು ಜನರನ್ನು ಸಂತೋಷಪಡಿಸಿದವನು ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

ಇದರ ಮೇಲೆ ನಾನು ಮಾಡಿಕೊಂಡ ಮೂರ್ಖತನವೆಂದರೆ, ಗಡಂಗಿನ ಯಜಮಾನ ಸಾಲ್ವದೋರ, ನಮ್ಮ ಕಡೆ ಕ್ರಿಸ್ತಾನರನ್ನು ಕರೆಯುವಂತೆ ಪೊರ್ಬುಗಳು, ಗಜಕ್ಕಾಗಿ ಪರದಾಡುವುದನ್ನು ನೋಡಿ, ನಮ್ಮ ಅಂಗಡಿಯ ಅಳತೆಕೋಲನ್ನೇ ತಂದುಕೊಟ್ಟದ್ದು. ಕೋಲು ತಂದವನೇ ಅಳೆಯಬೇಕೆಂದಾಯಿತು. ದಿನವೂ ಒಬ್ಬೊಬ್ಬನ ಎದೆಗೆ ಕೋಲಿನ ತುದಿ ತಾಗಿಸಿ, ಭುಜ ಹಿಡಿದು ಹಿಂದಕ್ಕೆ ಸರಿಸಿ, ಗಡಂಗಿನ ಸರ್ವರನ್ನೂ ಪರಸ್ಪರ ದೂರ ಇಡುವ ಪುಣ್ಯಕಾರ್ಯದಲ್ಲಿ ಸರ್ವರನ್ನೂ ಮುಟ್ಟಿ ಬಂದ ಏಕೈಕ ವ್ಯಕ್ತಿ ನಾನು. ಆ ಜ್ವರಕ್ಕೆ ಬುದ್ಧಿಯಿದ್ದಿದ್ದರೆ ನನ್ನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿತ್ತು.

"ಬಂದ ನೋಡಿ, ಲಾಟ್ ಸಾಹೇಬ! ಉದ್ದ ಅಳೆದದ್ದಾಯ್ತು, ಇನ್ನು ನಮ್ಮ ಅಗಲ ಸಹ ಅಳೆ ಮಾರಾಯ, ಅಂಗಿ ಹೊಲಿಸ್ಲಿಕ್ಕೆ ಆಗ್ತದೆ" ಎಂದು ಎಲ್ಲರಿಗಿಂತ ಜೋರಾಗಿ ಗೇಲಿ ಮಾಡುತ್ತಿದ್ದವರು ನನ್ನ ಭಾವ ದೂಮಪ್ಪ. ಹಂಚಿನ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ಬೆಂದ ದೇಹ. ಜ್ವರವೆಂಬುದು ಸರಕಾರದ ಕಟ್ಟುಕಥೆಯೆಂದು ಅವರ ಅಚಲ ನಂಬಿಕೆ. ಬೆಂಚು ಹೊರಗೆ ಬಿದ್ದ ದಿನ ಅವರು ಅದರ ಪಕ್ಕದಲ್ಲಿ ನಿಂತು ಮಾಡಿದ ಭಾಷಣಕ್ಕೆ ಇಬ್ಬರು ಕಣ್ಣೊರೆಸಿಕೊಂಡದ್ದನ್ನು ನಾನು ಬಲ್ಲೆ.

ಆದರೆ ಮನೆಯಲ್ಲಿ ಅಕ್ಕನಿಗೆ ದಿನ ತುಂಬಿತ್ತು. ಬಸುರಿಯರ ಮೇಲೆ ಈ ಜ್ವರಕ್ಕೆ ಎಲ್ಲಿಲ್ಲದ ಸಿಟ್ಟು; ನಮ್ಮ ಓಣಿಯಲ್ಲೇ ತುಂಬಿದ ಬಸುರಿಯೊಬ್ಬಳನ್ನು ಚಾಪೆಯಲ್ಲಿ ಸುತ್ತಿ ಒಯ್ದದ್ದನ್ನು ಅಕ್ಕ ಬಾವಿಕಟ್ಟೆಯಿಂದ ನೋಡಿದ್ದಳು. ಆ ಸಂಜೆ ನಾನು ಹೊರಟಾಗ ಅವಳು ಕೊಡವನ್ನು ಕೆಳಗಿಟ್ಟು, "ಅವರಿಗೆ ಹೇಳಿ ಪ್ರಯೋಜನ ಇಲ್ಲ. ನೀನಾದ್ರೂ ನೋಡ್ತೀಯಲ್ಲ? ಅಲ್ಲಿ ಒಬ್ಬ ಕೆಮ್ಮಿದ್ರೂ ಸಾಕು, ಇವರನ್ನು ಈ ಹೊಸ್ತಿಲು ದಾಟ್ಲಿಕ್ಕೆ ಬಿಡ್ಬೇಡ. ನನಗೆ ಎಂತ ಆದ್ರೂ ಆಗ್ಲಿ, ಇದಕ್ಕೆ ಆಗ್ಬಾರ್ದು" ಎಂದಳು. ನಾನು ಅಭ್ಯಾಸಬಲದಿಂದ ಒಂದು ನಗೆಚಟಾಕಿ ಹಾರಿಸಿದೆ. ಅವಳು ನಗಲಿಲ್ಲ.

ಗಡಂಗಿಗೆ ಅಂದೇ ಸ್ಯಾನಿಟರಿ ಇನ್ಸ್‌ಪೆಕ್ಟರರು ಬಂದಿದ್ದರು. ಈ ನಿಯಮಗಳು ಸಾಕೋ, ಬಾಗಿಲನ್ನೇ ಮುಚ್ಚಿಸಬೇಕೋ ಎಂಬುದರ ಬಗ್ಗೆ ಜನಾಭಿಪ್ರಾಯ ಕೇಳಬೇಕಂತೆ. ಭಾವನವರು ಒಂದು ಹೆಜ್ಜೆ ಮುಂದೆ ಬಂದರು. "ಸ್ವಾಮಿ, ಕಾರ್ಖಾನೆಯಲ್ಲಿ ನಾವು ಭುಜಕ್ಕೆ ಭುಜ ತಾಗಿಸಿ ದುಡೀತೇವೆ. ಅಲ್ಲಿ ಬಾರದ ಜ್ವರ ಇಲ್ಲಿ ಕಳ್ಳು ಕುಡೀಲಿಕ್ಕೆ ಬರ್ತದಾ? ಅದಕ್ಕೆ ಸಹ ಗೆರಟೆ ಬೇಕಾ?" ಗಡಂಗು ಗೊಳ್ಳೆಂದಿತು. ಇನ್ಸ್‌ಪೆಕ್ಟರರ ಮುಖದಲ್ಲಿಯೂ ನಗು ಮಿಂಚಿ ಮರೆಯಾಯಿತು. ಮಾತಿನಲ್ಲಿ ನ್ಯಾಯವಿತ್ತೆಂದು ನನಗೆ ಈಗಲೂ ಅನಿಸುತ್ತದೆ.

ಆ ನಗುವಿನ ಬಾಲದಲ್ಲಿ ಒಂದು ಕೆಮ್ಮು ಕೇಳಿಸಿತು.

ದೊಡ್ಡದೇನಲ್ಲ, ಎರಡು ತುಟಿಗಳ ನಡುವೆ ಅದುಮಿ, ನುಂಗಿ, ನುಂಗಲಾರದೆ ಬಿಟ್ಟ ಕೆಮ್ಮು. ನಗು ಕತ್ತರಿಸಿದಂತೆ ನಿಂತಿತು. ನಾನು ಕೋಲು ಹಿಡಿದು ವಾರಗಟ್ಟಲೆ ಸಾಧಿಸಲಾರದ ಅಂತರವನ್ನು ಜನ ಕಣ್ಣು ಮಿಟುಕಿಸುವಷ್ಟರಲ್ಲಿ ತಾವೇ ಸಾಧಿಸಿ ಗೋಡೆಗಂಟಿದರು. ನಟ್ಟನಡುವೆ ಉಳಿದವರು ನಾವಿಬ್ಬರೇ: ನಾನು ಮತ್ತು ಭಾವ. ಅವರ ಗೆರಟೆಯಲ್ಲಿ ಕಳ್ಳು ಸಣ್ಣಗೆ ನಡುಗುತ್ತಿತ್ತು. ಹಣೆಯ ಮೇಲೆ ಬೆವರಿತ್ತು, ಕಣ್ಣು ಕೆಂಪಗಿತ್ತು. ಬೆಳಗ್ಗಿನಿಂದ ಚಳಿಯನ್ನು ಅಡಗಿಸಿಕೊಂಡು ತಿರುಗಿದ್ದಾರೆಂದು ನನಗೆ ಥಟ್ಟನೆ ಹೊಳೆಯಿತು.

"ಯಾರು ಕೆಮ್ಮಿದ್ದು?" ಎಂದರು ಇನ್ಸ್‌ಪೆಕ್ಟರರು.

ಭಾವನವರನ್ನು ಶೆಡ್ಡಿಗೆ ಒಯ್ದರೆಂಬ ಸುದ್ದಿಗೇ ಅಕ್ಕನ ಎದೆ ಒಡೆದೀತೆಂದು ನನಗನಿಸಿತು. ನನ್ನಂಥವನಿಗೆ ಜೀವಮಾನದಲ್ಲಿ ವೀರನಾಗುವ ಅವಕಾಶ ಒಮ್ಮೆ ಮಾತ್ರ ಸಿಗುತ್ತದೆ, ಅದನ್ನು ಹಾಳುಮಾಡಿಕೊಳ್ಳದೆ ಬಿಡುವವನು ನಾನಲ್ಲ. ಎದೆಯುಬ್ಬಿಸಿ, "ನಾನು ಸ್ವಾಮಿ" ಎಂದೆ; ಪುರಾವೆಗಾಗಿ ಎರಡು ಬಾರಿ ಭರ್ಜರಿಯಾಗಿ ಕೆಮ್ಮಿಯೂ ತೋರಿಸಿದೆ.

"ಇವನನ್ನು ಗಾಡಿಗೆ ಹತ್ತಿಸಿ" ಎಂದು ತಮ್ಮ ಆಳುಗಳಿಗೆ ಹೇಳಿದ ಇನ್ಸ್‌ಪೆಕ್ಟರರು ಭಾವನ ಕಡೆ ತಿರುಗಿ, "ನೀವೆಲ್ಲ ನಿಮ್ಮ ನಿಮ್ಮ ಮನೆಗೆ ಹೋಗಿ" ಎಂದರು.

ಮನೆಗೆ! ಆ ಶಬ್ದ ಕಿವಿಗೆ ಬಿದ್ದಾಗ ನನ್ನ ವೀರತ್ವದ ಲೆಕ್ಕ ತಪ್ಪಿದ್ದು ತಿಳಿಯಿತು. ಜ್ವರವಿಲ್ಲದ ನಾನು ಶೆಡ್ಡಿಗೆ ಹೊರಟಿದ್ದೆ. ಜ್ವರವನ್ನು ನನ್ನ ಕೈಯಾರೆ ಅಕ್ಕನ ಹೊಸ್ತಿಲಿಗೆ ಕಳಿಸುತ್ತಿದ್ದೆ. "ಅಲ್ಲ ಸ್ವಾಮಿ, ನಾನಲ್ಲ! ನಾನು ಸುಳ್ಳು ಹೇಳಿದ್ದು! ಕೆಮ್ಮಿದ್ದು ಭಾವ!" ಎಂದು ಬೊಬ್ಬೆ ಹಾಕಿದೆ.

"ಥೂ, ಗಾಡಿ ಕಂಡದ್ದೇ ಭಾವನ ತಲೆಗೆ ಕಟ್ಟಿದ" ಎಂದು ಗೋಡೆಯ ಕಡೆಯಿಂದ ಯಾರೋ ಉಗಿದರು. "ಇವನ ತಮಾಷೆಗೆ ಹೊತ್ತುಗೊತ್ತು ಇಲ್ಲ ಮಾರಾಯ್ರೇ" ಎಂದರು ಇನ್ನೊಬ್ಬರು. ವರ್ಷಗಟ್ಟಲೆ ನಗಿಸಿದ್ದ ಜನ, ಒಬ್ಬನಾದರೂ ನಂಬಬೇಕೇ? ಆಳುಗಳು ನನ್ನ ರಟ್ಟೆ ಹಿಡಿದರು. ಭಾವನವರಿಗೆ ಬಾಗಿಲು ತೆರೆದೇ ಇತ್ತು. ಅದರಾಚೆ ರಸ್ತೆ, ರಸ್ತೆಯ ತುದಿಗೆ ಮನೆ. ನಾನು ಬೇರೇನೂ ತೋಚದೆ, "ಭಾವ, ಅಕ್ಕ..." ಎಂದಷ್ಟೇ ಹೇಳಿದೆ.

ಅವರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಗೆರಟೆಯನ್ನು ಮೆಲ್ಲನೆ ನೆಲಕ್ಕಿಟ್ಟು, ಗೋಡೆಯ ಕಡೆ ಮುಖ ತಿರುಗಿಸಿ, ಅಷ್ಟು ಹೊತ್ತು ಹಿಡಿದಿಟ್ಟದ್ದನ್ನೆಲ್ಲ ಕೆಮ್ಮಿದರು. "ಹುಡುಗ ಹೇಳಿದ್ದು ಸತ್ಯ ಸ್ವಾಮಿ" ಎಂದು ಅವರೇ ನಡೆದು ಗಾಡಿ ಹತ್ತಿದರು. ಪೊರ್ಬುಗಳು ಯಾರ ಹುಕುಮಿಗೂ ಕಾಯದೆ ಗಡಂಗಿಗೆ ಬೀಗ ಹಾಕಿದರು. ಯಾರೊಬ್ಬರೂ ಆಕ್ಷೇಪಿಸಲಿಲ್ಲ.

ಎಲ್ಲರನ್ನೂ ಮುಟ್ಟಿದವನೆಂದು ನನ್ನನ್ನೂ ಗಾಡಿಗೆ ಹತ್ತಿಸಿದರು. ಶೆಡ್ಡಿನಲ್ಲಿ ಭಾವ ಜ್ವರದ ಉರಿಯಲ್ಲಿ ಕುಲುಮೆಗೆ ಸೌದೆ ಹಾಕಿ ಎಂದು ಬಡಬಡಿಸುತ್ತಿದ್ದರೆ, ನಾನು ಅವರ ತುಟಿಗೆ ಗಂಜಿತಿಳಿ ಹನಿಸುತ್ತ, ನನಗೆ ಗೊತ್ತಿದ್ದ ಒಂದು ಹಾಸ್ಯವೂ ನೆನಪಿಗೆ ಬಾರದೆ ಕುಳಿತಿರುತ್ತಿದ್ದೆ. ಪಕ್ಕದ ಚಾಪೆಗಳು ಒಂದೊಂದಾಗಿ ಬರಿದಾದವು. ನಮ್ಮದು ಹೇಗೋ ಉಳಿಯಿತು. ಅವರು ಗೋಡೆ ಹಿಡಿದು ನಡೆಯುವಂತಾದ ಒಂದು ಬೆಳಿಗ್ಗೆ ಬೇಲಿಯಾಚೆಯಿಂದ ಪೊರ್ಬುಗಳ ಸ್ವರ ಕೇಳಿಸಿತು.

"ದೂಮಪ್ಪಾ! ಹೆಣ್ಣು ಮಗು ಮಾರಾಯ! ನಿನ್ನೆ ಹೆತ್ತದ್ದು. ತಾಯಿ ಸಹ ಸೌಖ್ಯ ಉಂಟು!"

ಭಾವನವರು ಗೋಡೆ ಬಿಟ್ಟು ಬೇಲಿಯ ಕಡೆ ಎರಡು ಹೆಜ್ಜೆ ಇಟ್ಟರು. ನಾನು ಹಿಡಿದುಕೊಂಡೆ. "ಕೆಮ್ಮು ಉಂಟಾ? ಮಗುವಿಗೆ?" ಎಂದು ಕೇಳಿದರು.

"ಎಂತ ಕೆಮ್ಮು! ಅದರ ಬೊಬ್ಬೆಗೆ ನಿನ್ನ ಮನೆಯ ಹಂಚು ಹಾರ್ತದೆ! ನನ್ನ ಹೆಂಡತಿ ಅಲ್ಲೇ ಇದ್ದಾಳೆ, ಬಾಣಂತಿಗೆ ಎಲ್ಲ ಅವಳೇ ನೋಡ್ತಾಳೆ" ಎಂದು ನಗುತ್ತ, ಸಂತೋಷದ ಭರದಲ್ಲಿ ಪೊರ್ಬುಗಳು ಬೇಲಿಯ ಗೇಟನ್ನು ತಳ್ಳಿ ನಮ್ಮ ಕಡೆ ಕೈಚಾಚುತ್ತ ಬಂದೇ ಬಿಟ್ಟರು.

ಆಗ ಭಾವ, ಆಸರೆಯಿಲ್ಲದೆ ನಿಲ್ಲಲೂ ಆಗದ ಆ ಮನುಷ್ಯ, ಬಿಕರ್ನಕಟ್ಟೆಗೆ ಕೇಳಿಸುವಂತೆ ಗರ್ಜಿಸಿದರು:

"ಅಲ್ಲೇ ನಿಲ್ಲಿ ಪೊರ್ಬುಲೇ! ನಿಮ್ಮ ಹೆಂಡತಿ ಆ ಮಗುವನ್ನು ಎತ್ತಿಕೊಳ್ತಾರಲ್ಲ! ಹಿಂದೆ ಹೋಗಿ! ಇನ್ನೂ ಹಿಂದೆ!"