ಮನೆಯಿಂದ ಹೊರಟ ಹೊತ್ತು

ಆಸ್ಪತ್ರೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸಕರಿಂದ ಶುರು ಮಾಡಿ, ವೈದ್ಯರು, ದಾದಿಯರು ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತ, ಔಷಧಿ ಕೊಡುವವರ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿ ಪೆನ್ನು ಮುಚ್ಚಿಬಿಡುತ್ತಾರೆ. ಹೊರರೋಗಿ ವಿಭಾಗದ ಬಾಗಿಲ ಪಕ್ಕ, ಎದೆಮಟ್ಟದ ಕಿಟಕಿಯ ಹಿಂದೆ ಕೂತು ಚೀಟಿ ಬರೆಯುವವರ ತನಕ ಆ ಚರಿತ್ರೆ ಯಾವತ್ತೂ ತಲುಪಿದ್ದಿಲ್ಲ. ಆದರೆ ಕಾಯಿಲೆ ಬಿದ್ದವರನ್ನು ಕೇಳಿ ನೋಡಿ. ಆಸ್ಪತ್ರೆ ಎಂದರೆ ಅವರಿಗೆ ಮೊದಲು ಕಾಣುವುದೇ ಆ ಕಿಟಕಿ. ಅಲ್ಲಿ ‘ಮುಗೀತು’ ಎಂಬ ಮೂರಕ್ಷರ ಬಿದ್ದರೆ, ಒಳಗೆ ಎಂಥ ಧನ್ವಂತರಿ ಕೂತಿದ್ದರೂ ಹೊರಗಿನವರ ಪಾಲಿಗೆ ಪರದೆ ಬಿದ್ದ ಹಾಗೆಯೇ.

ಮೂವತ್ನಾಲ್ಕು ವರ್ಷ ಆ ಕಿಟಕಿಯನ್ನು ಕಾದು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಚೀಟಿ ಅಕ್ಕನವರನ್ನು ಈ ಕ್ಷೇತ್ರದ ಅಗ್ರಗಣ್ಯರೆಂದು ಕರೆಯಲು ಯಾವ ಸಂಕೋಚವೂ ಬೇಕಿಲ್ಲ. ಈ ಕ್ಷೇತ್ರದಲ್ಲಿ ಬೇರೆ ಯಾರಿಗೂ ಇದೊಂದು ಕ್ಷೇತ್ರ ಎಂದೇ ಗೊತ್ತಿರಲಿಲ್ಲ.

ಸಿನಿಮಾದಲ್ಲಿ ನಾಯಕಿ ಬರುವಾಗ ಗಾಳಿ ಬೀಸುತ್ತದೆ, ಕೂದಲು ಹಾರುತ್ತದೆ. ಅಕ್ಕ ಕೆಲಸಕ್ಕೆ ಬಂದ ದಿನ ಬೀಸಿದ್ದು ಫಿನಾಯಿಲ್ ವಾಸನೆ, ಹಾರಿದ್ದು ಹಿಂದಿನ ದಿನದ ಚೀಟಿಗಳು. ಅವರಿಗೆ ಕೊಟ್ಟದ್ದು ಮಂಗಳವಾರದ ಹೃದಯದ ಚಿಕಿತ್ಸಾಲಯ. ಹೃದಯದ ಡಾಕ್ಟರು ಬರುವುದು ವಾರಕ್ಕೆ ಅದೊಂದೇ ದಿನ, ನೋಡುವುದು ಅರವತ್ತೇ ಜನರನ್ನು. ಏಳಕ್ಕೆ ಕಿಟಕಿ ತೆರೆಯಬೇಕು, ಸಾಲಿನಲ್ಲಿ ನಿಂತವರಿಗೆ ಚೀಟಿ ಬರೆದು ಟೋಕನ್ ಕೊಡಬೇಕು, ಅರವತ್ತಾದ ಕೂಡಲೇ ಮುಚ್ಚಬೇಕು. ಅಕ್ಕನ ಕೈ ಚುರುಕು. ಎರಡನೇ ವರ್ಷಕ್ಕೆ ಅವರು ಅರವತ್ತು ಚೀಟಿಗಳನ್ನು ಇಪ್ಪತ್ತೈದು ನಿಮಿಷದಲ್ಲಿ ಮುಗಿಸುತ್ತಿದ್ದರು. ಹಿರಿಯ ಗುಮಾಸ್ತರು ಪಕ್ಕದ ವಿಭಾಗದವರನ್ನು ಕರೆದುತಂದು ತೋರಿಸುತ್ತಿದ್ದರಂತೆ. ಏಳೂವರೆಗೆ ಕಿಟಕಿ ಮುಚ್ಚಿ ಕಾಫಿ ಕುಡಿಯುವಾಗ ಅಕ್ಕನಿಗೂ ತಾನೊಂದು ದಾಖಲೆ ಮುರಿದೆ ಎನ್ನುವ ಹೆಮ್ಮೆ. ಅವರ ಸೇವಾವಧಿಯ ದೊಡ್ಡ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ ಅಕ್ಕ ಇಂದಿಗೂ ಹೇಳುವುದು ಆ ಇಪ್ಪತ್ತೈದು ನಿಮಿಷವನ್ನೇ.

ಆ ವರ್ಷ ಒಬ್ಬ ಹೆಂಗಸು, ಕಾಲು ಊದಿಕೊಂಡು ಕಂಬದಂತಾಗಿದ್ದ ಗಂಡನನ್ನು ಹಿಡಿದುಕೊಂಡು, ಮೂರು ಮಂಗಳವಾರ ಸತತವಾಗಿ ಹತ್ತು ಗಂಟೆಯ ಸುಮಾರಿಗೆ ಬಂದರು. ಮೂರು ಸಲವೂ ಅಕ್ಕ ಕತ್ತೆತ್ತದೆ, ಟೋಕನ್ ಮುಗೀತು, ಮುಂದಿನ ವಾರ ಬೇಗ ಬನ್ನಿ ಎಂದು ಹೇಳಿ ಕಳಿಸಿದರು. ಮೂರನೇ ಸಲ ಆ ಹೆಂಗಸು ಜಗಳವಾಡಲಿಲ್ಲ, ಅಳಲೂ ಇಲ್ಲ. ದಾರಿ ಕೇಳುವವರ ಹಾಗೆ ಕೇಳಿದರು:

“ಬೇಗ ಅಂದ್ರೆ ಎಷ್ಟು ಗಂಟೆಗೆ ಬರ್ಬೇಕಮ್ಮ? ನಮ್ಮ ಕಡೆ ಮೊದಲನೇ ಬಸ್ಸು ಹೊರಡೋದೇ ಐದೂವರೆಗೆ.”

ಉತ್ತರ ಹುಡುಕಲು ಅಕ್ಕ ಆ ಶನಿವಾರ ಮಧ್ಯಾಹ್ನ ಅದೇ ಬಸ್ಸು ಹಿಡಿದು, ಕಲ್ಲುಗಣಿಯ ಪಕ್ಕದ ಕೊನೆಯ ನಿಲ್ದಾಣದಲ್ಲಿ ಇಳಿದು, ವಿಚಾರಿಸಿಕೊಂಡು ಆ ಹೆಂಗಸಿನ ಮನೆಗೆ ಹೋದರು. ಭಾನುವಾರ ಬೆಳಗ್ಗೆ ಆ ಹೆಂಗಸಿನ ಜೊತೆ ನಡೆದೇ ಬಸ್ಸಿನ ತನಕ ಬಂದರು. ಆರೋಗ್ಯವಂತರಿಗೆ ಒಂದು ಗಂಟೆಯ ದಾರಿ, ಕಾಲು ಊದಿದವರಿಗೆ ಎರಡು. ಬಸ್ಸಿನಲ್ಲಿ ನಾಲ್ಕು ಗಂಟೆ. ಅಕ್ಕ ಮುಚ್ಚಿದ ಕಿಟಕಿಯ ಮುಂದೆ ಬಂದು ನಿಂತಾಗ ಒಂಬತ್ತೂ ಮುಕ್ಕಾಲು. ಅಂದರೆ ಮಂಗಳವಾರ ಮೂರೂವರೆಗೇ ಮನೆ ಬಿಡುತ್ತಿದ್ದರು ಆ ಗಂಡಹೆಂಡತಿ. ಏಳೂವರೆಗೆ ತಾನು ಕಾಫಿ ಕುಡಿಯುವಾಗ ಈ ಜನ ಅರ್ಧ ದಾರಿಯಲ್ಲಿ ಇರುತ್ತಿದ್ದರು ಎನ್ನುವುದು ಅಕ್ಕನಿಗೆ ಅಲ್ಲಿ ನಿಂತಾಗ ತಲೆಗೆ ಹೋಯಿತು.

ಮುಂದಿನ ಮಂಗಳವಾರದಿಂದ ಅವರ ಕೈ ನಿಧಾನವಾಯಿತು. ಚೀಟಿಯಲ್ಲಿ ಹೆಸರು, ವಯಸ್ಸು, ವಿಳಾಸ ಬರೆದ ಮೇಲೆ, ನಮೂನೆಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳತೊಡಗಿದರು: ಮನೆಯಿಂದ ಎಷ್ಟು ಹೊತ್ತಿಗೆ ಹೊರಟ್ರಿ? ಉತ್ತರವನ್ನು ಚೀಟಿಯ ಬಲಮೂಲೆಯಲ್ಲಿ ಸಣ್ಣದಾಗಿ ಬರೆದರು. ನಲವತ್ತು ಟೋಕನ್ ಮುಂಜಾನೆಯ ಸಾಲಿಗೆ. ಕೊನೆಯ ಇಪ್ಪತ್ತು ಪೇಪರ್‌ವೇಟಿನ ಕೆಳಗೆ, ಬಸ್ಸು ಬರುವ ತನಕ. ಯಾರ ಅಪ್ಪಣೆಯೂ ಇರಲಿಲ್ಲ, ಯಾವ ಆದೇಶವೂ ಇರಲಿಲ್ಲ. ಕಾಲು ಊದಿದ ಆ ಗಣಿ ಕೆಲಸಗಾರ ಮೊದಲ ವಾರವೇ ಡಾಕ್ಟರ ಎದುರು ಕೂತರು, ಆಮೇಲೆ ಹನ್ನೊಂದು ವರ್ಷ ಬದುಕಿದರು.

ಇದನ್ನು ಎಲ್ಲರೂ ಚಪ್ಪಾಳೆ ತಟ್ಟಿ ಸ್ವಾಗತಿಸಿದರು ಎಂದು ಬರೆದರೆ ಸುಳ್ಳಾದೀತು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಮನೆಯಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ಸಾಲಿನಲ್ಲಿ ಯಾವಾಗಲೂ ಅವರೇ ಮೊದಲು, ಹಾಗಾಗಿ ಅವರ ಹೆಸರೇ ಒಂದನೇ ನಂಬರ್ ಮೇಷ್ಟ್ರು. ಮೊದಲು ಬಂದವರಿಗೆ ಮೊದಲು ಎಂಬ ನಿಯಮವನ್ನು ಪೇಪರ್‌ವೇಟಿನ ಕೆಳಗೆ ಹಾಕುವುದು ಅನ್ಯಾಯವೆಂದು ಅವರು ದೂರಿನ ಪೆಟ್ಟಿಗೆಗೆ ವಾರಕ್ಕೊಂದು ಕಾಗದ ಹಾಕಿದರು. ಒಂದು ದಿನ ಕಿಟಕಿಯಲ್ಲೇ ವಾದಕ್ಕೆ ನಿಂತರು. ಅಕ್ಕ ಎದ್ದು ನಿಂತು ಮಾತಾಡಿದರು.

“ಮೇಷ್ಟ್ರೇ, ನೀವು ಎದ್ದು ಹಲ್ಲುಜ್ಜೋ ಹೊತ್ತಿಗೆ ಅವರು ಮನೆ ಬಿಟ್ಟು ಎರಡು ಗಂಟೆ ಆಗಿತ್ತು. ಹಾಗಾದ್ರೆ ಮೊದಲು ಹೊರಟೋರು ಯಾರು?”

ಮೇಷ್ಟ್ರು ಸೋಲುವ ಜನವಲ್ಲ. ಮುಂದಿನ ವಾರ ಅಕ್ಕ ಅದೇ ಪ್ರಶ್ನೆ ಕೇಳಿದಾಗ, ತಾನೂ ಮೂರಕ್ಕೇ ಹೊರಟೆ ಎಂದು ಗಂಭೀರವಾಗಿ ಹೇಳಿದರು.

“ಸೈಕಲ್ ಅಂಗಡಿಯಿಂದ ಇಲ್ಲಿಗೆ ಬರೋಕೆ ನಾಲ್ಕು ಗಂಟೆ ಹಿಡೀತು ಅಂದ್ರೆ ನಿಮಗೆ ಹೃದಯದ ಡಾಕ್ಟ್ರು ಬೇಡ ಮೇಷ್ಟ್ರೇ, ಮಂಡಿ ಡಾಕ್ಟ್ರು ಬೇಕು. ಗುರುವಾರ ಬನ್ನಿ.”

ಸಾಲಿಗೆ ಸಾಲೇ ನಕ್ಕಿತು. ಮೇಷ್ಟ್ರೂ ನಕ್ಕರು, ಆದರೆ ದೂರು ಬರೆಯುವುದನ್ನು ಬಿಡಲಿಲ್ಲ.

ಬಡವರನ್ನು ಮಾತ್ರ ಕೇಳುವ ಪ್ರಶ್ನೆಯಾಗಿರಲಿಲ್ಲ ಅದು. ದೊಡ್ಡ ಮನುಷ್ಯರೊಬ್ಬರ ಡ್ರೈವರು ನೇರ ಕಿಟಕಿಗೆ ಬಂದು, ಸಾಹೇಬರು ಕಾರಿನಲ್ಲಿ ಕೂತಿದ್ದಾರೆ, ಬೇಗ ಟೋಕನ್ ಕೊಡಿ ಎಂದಾಗಲೂ ಅಕ್ಕ ಕೇಳಿದ್ದು ಅದನ್ನೇ. ಹತ್ತು ನಿಮಿಷವಾಯಿತು ಎಂದು ಅವನು ಹೇಳಿದ. ಹಾಗಾದರೆ ಸಾಹೇಬರಿಗೆ ಇನ್ನೂ ದಣಿವಾಗಿಲ್ಲ, ಸಾಲಿನಲ್ಲಿ ನಿಲ್ಲಬಲ್ಲರು ಎಂದು ಅಕ್ಕ ಸಮಾಧಾನ ಹೇಳಿ ಕಳಿಸಿದರು. ಸಾಹೇಬರು ನಿಂತರು ಕೂಡ. ಹಿನ್ನೆಲೆ ಸಂಗೀತ ಒಂದೇ ಕಡಿಮೆಯಿತ್ತು.

ಕಿಟಕಿಯ ಕೆಲಸಕ್ಕೆ ಹೊಸದಾಗಿ ಬಂದ ನಮಗೆಲ್ಲ ಅಕ್ಕ ಕಲಿಸಿದ ಮೊದಲ ಪಾಠ ಕಂಪ್ಯೂಟರಿನದಲ್ಲ. ಇಲ್ಲ ಎನ್ನುವುದಾದರೆ ಎದ್ದು ನಿಂತು ಹೇಳಬೇಕು, ಕೂತು ಹೇಳಬಾರದು. ದಿನಕ್ಕೆ ಮೂವತ್ತು ಸಲ ಎದ್ದು ನಿಂತರೆ ಸೊಂಟ ಹಿಡಿಯುತ್ತದೆ ಎಂದು ನಾವು ಗೊಣಗಿದೆವು. ಹಿಡಿಯಲಿ, ಆಗ ಇಲ್ಲ ಅನ್ನುವುದು ಕಡಿಮೆಯಾಗುತ್ತದೆ ಎಂದರು. ಉಸಿರು ಕಟ್ಟುವವರಿಗೆಂದು ಕಿಟಕಿಯ ಒಳಗಡೆ ಒಂದು ಕುರ್ಚಿ ಇಟ್ಟಿದ್ದರು. ಅದರಲ್ಲಿ ನಮ್ಮಲ್ಲಿ ಯಾರಾದರೂ ಕೂತು ಮೊಬೈಲ್ ನೋಡುತ್ತಿದ್ದರೆ ಅಕ್ಕ ನಾಡಿ ಹಿಡಿದು ನೋಡಿ, “ಏನೂ ಆಗಿಲ್ಲ ನಿಂಗೆ, ಏಳು” ಎನ್ನುತ್ತಿದ್ದರು.

ಹೀಗೆ ನಡೆದುಕೊಂಡು ಬಂದಿದ್ದ ಕಥೆಗೆ ತಿರುವು ಬಂದದ್ದು ಹೋದ ವರ್ಷ, ಹೊಸ ಆಡಳಿತಾಧಿಕಾರಿಗಳ ಆಗಮನದೊಂದಿಗೆ. ಸಾಲು ಎಷ್ಟು ಉದ್ದ, ಒಬ್ಬರಿಗೆ ಎಷ್ಟು ಸೆಕೆಂಡು ಎಂದು ಅಳೆಯುತ್ತ ಓಡಾಡುವ ಅವರಿಗೆ ನಾವಿಟ್ಟ ಹೆಸರು ಸ್ಟಾಪ್‌ವಾಚ್ ಸಾಹೇಬರು. (ಬೆನ್ನ ಹಿಂದೆ ಕರೆಯುತ್ತಿದ್ದೆವು; ಈಗ ಅಚ್ಚಾಗಿಯೇ ಹೋಯಿತು.) ಅವರು ಖಳನಾಯಕರಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಮುಂಜಾನೆಯ ಸಾಲಿನಲ್ಲಿ ಕಾಯಿಲೆಯವರು ನಿಂತು ಒದ್ದಾಡುವುದನ್ನು ನೋಡಿ, ಮನಸ್ಸು ತಡೆಯದೆ, ಅರವತ್ತು ಟೋಕನ್ನುಗಳನ್ನೂ ಫೋನಿನಲ್ಲೇ ಪಡೆಯುವ ವ್ಯವಸ್ಥೆ ತಂದರು. ಬೆಳಗ್ಗೆ ಆರಕ್ಕೆ ತೆರೆಯುತ್ತದೆ, ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಸಾಲು ಮಾಯ. ಮೇಷ್ಟ್ರಿಗೆ ಮೊಮ್ಮಗಳು ಒಂದನೇ ನಂಬರ್ ತೆಗೆದುಕೊಡುತ್ತಾಳೆ. ಬಸ್ಸಿನಲ್ಲಿ ಬರುವವರು ಮಾತ್ರ ಹಿಂದಿನ ಹಾಗೇ ಒಂಬತ್ತೂ ಮುಕ್ಕಾಲಿಗೆ ಬಂದು ನಿಲ್ಲುತ್ತಿದ್ದರು.

ಅಕ್ಕ ಸುಮ್ಮನೆ ಕೂರುವವರಲ್ಲ. ಹಳೆಯ ಚೀಟಿಗಳನ್ನು ತೆಗೆದು, ಬಸ್ಸಿನವರಲ್ಲಿ ಯಾರು ಯಾವ ವಾರ ಮತ್ತೆ ಬರಬೇಕೆಂದು ಪಟ್ಟಿ ಮಾಡಿ, ಮಗಳ ಫೋನು ಹಿಡಿದು ಆರು ಗಂಟೆಗೆ ಅವರ ಹೆಸರಲ್ಲಿ ಇಪ್ಪತ್ತು ಟೋಕನ್ ತೆಗೆದರು. ಐದು ವಾರ ನಡೆಯಿತು. ಆರನೇ ವಾರ, ಒಂದೇ ಫೋನಿನಿಂದ ಇಪ್ಪತ್ತು ಜನರ ಟೋಕನ್ ಎಂದು ಕಂಪ್ಯೂಟರು ಕೆಂಪು ತೋರಿಸಿತು. ಟೋಕನ್ ಅಡಗಿಸಿಟ್ಟ ಕಾರಣಕ್ಕೆ ತಮ್ಮನ್ನು ಕಿಟಕಿಯಿಂದ ತೆಗೆದು ದಾಖಲೆ ಕೋಣೆಗೆ ಏಕೆ ಕಳಿಸಬಾರದು, ಕಿಟಕಿಯನ್ನೇ ಏಕೆ ಮುಚ್ಚಬಾರದು, ಮೂರು ದಿನದೊಳಗೆ ವಿವರಣೆ ಕೊಡಿ ಎಂದು ಮೆಮೊ ಬಂತು.

ದಾಖಲೆ ಕೋಣೆಯ ಭಯ ಅಕ್ಕನಿಗಿರಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿತ್ತು, ಅಲ್ಲಿ ಫ್ಯಾನೂ ಚೆನ್ನಾಗಿ ತಿರುಗುತ್ತದೆ. ಕಿಟಕಿ ಮುಚ್ಚಿದರೆ ಬಸ್ಸಿನವರು ಯಾರ ಮುಂದೆ ಹೋಗಿ ನಿಲ್ಲಬೇಕು ಎನ್ನುವುದೊಂದೇ ಚಿಂತೆ. ಎರಡು ದಿನ ಯೋಚಿಸಿ ಮೂರು ಸಾಲಿನ ವಿವರಣೆ ಬರೆದುಕೊಟ್ಟರು: “ಬರುವ ಮಂಗಳವಾರ ನನಗೆ ಒಂದು ದಿನದ ರಜೆ ಬೇಕು. ನನ್ನ ಬದಲಿಗೆ ಕಿಟಕಿಯಲ್ಲಿ ತಾವೇ ಕೂರಬೇಕೆಂದು ಕೋರುತ್ತೇನೆ. ಇದೇ ನನ್ನ ವಿವರಣೆ.” ಸಾಹೇಬರು ನಕ್ಕು ಒಪ್ಪಿಕೊಂಡರು. ಕೆಲಸವೇ ಇಲ್ಲದ ಕಿಟಕಿಯಲ್ಲಿ ಕೂರಲು ಯಾರಿಗೆ ಕಷ್ಟ?

ಆ ಮಂಗಳವಾರ ಅಕ್ಕ ಮನೆಯಲ್ಲಿ ಅಡುಗೆಗೆ ಎರಡು ಸಲ ಉಪ್ಪು ಹಾಕಿದರು. ಅವರ ಯಜಮಾನರು ದರ್ಜಿ, ಹೊಲಿಗೆ ಮೆಷಿನ್ನಿನ ಮುಂದಿನಿಂದ ಎಲ್ಲ ನೋಡುತ್ತಿದ್ದರು. ಒಂಬತ್ತೂವರೆಗೆ ಅಕ್ಕ ಚಪ್ಪಲಿ ಹಾಕಿಕೊಂಡರು, ಬಿಟ್ಟರು, ಮತ್ತೆ ಹಾಕಿಕೊಂಡರು.

“ಹೋಗಿ ಬಂದ್ಬಿಡು ಮಾರಾಯ್ತಿ,” ಎಂದರು ಯಜಮಾನರು. “ಹೊಸ್ತಿಲಲ್ಲಿ ನಿಂತು ಗಡಿಯಾರಕ್ಕೆ ಟೋಕನ್ ಕೊಡ್ಬೇಡ.”

“ಇವತ್ತು ನಾನು ಹೋದ್ರೆ ಇವತ್ತಿನೋರಿಗೆ ಹೇಗೋ ಆಗುತ್ತೆ. ಬರೋ ವಾರದೋರಿಗೆ ಆಗಲ್ಲ,” ಎಂದು ಅಕ್ಕ ಕೂತುಬಿಟ್ಟರು. ತನ್ನ ಹಟಕ್ಕೆ ಅಷ್ಟೂ ಜನರ ಒಂದು ದಿನವನ್ನು ಪಣಕ್ಕಿಟ್ಟೆ, ಅವರಲ್ಲಿ ಒಬ್ಬರಿಗೆ ವಾಪಸು ದಾರಿಯಲ್ಲಿ ಏನಾದರೂ ಆದರೆ ಎಂದು ಗಡಿಯಾರವನ್ನೇ ನೋಡುತ್ತಿದ್ದರು. ಮೂವತ್ನಾಲ್ಕು ವರ್ಷದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ ಎಂದು ಅವರೇ ನಮಗೆ ಹೇಳಿದ್ದಾರೆ.

ಕಿಟಕಿಯಲ್ಲಿ ನಡೆದದ್ದನ್ನು ನಾವು ಕಣ್ಣಾರೆ ಕಂಡೆವು. ಬಸ್ಸಿನಿಂದ ಹದಿನೇಳು ಜನ ಇಳಿದುಬಂದರು. ಸಾಹೇಬರು ಕೂತೇ ಹೇಳಿದರು, ಟೋಕನ್ ಮುಗಿದಿದೆ, ಫೋನಿನಲ್ಲಿ ತೆಗೆದುಕೊಂಡು ಬರಬೇಕು. ಮುಂದೆ ನಿಂತಿದ್ದ ಮುದುಕಿ ಕಾಯಿಲೆಯ ಅಣ್ಣನ ಕೈ ಹಿಡಿದುಕೊಂಡಿದ್ದರು.

“ಫೋನ್ ಇದೆಯಪ್ಪ. ಸಿಗ್ನಲ್ಲು ಸಿಗ್ಬೇಕು ಅಂದ್ರೆ ಗುಡ್ಡ ಹತ್ಬೇಕು. ಗುಡ್ಡ ಹತ್ತೋಕಾಗಿದ್ರೆ ಇವನನ್ನ ಇಲ್ಲಿಗೆ ಯಾಕೆ ಕರ್ಕೊಂಡ್ ಬರ್ತಿದ್ದೆ?”

ಎರಡನೆಯವರಿಗೆ ಹೇಳಿದರು, ಮೂರನೆಯವರಿಗೆ ಹೇಳಿದರು. ಆರನೆಯವರ ಹೊತ್ತಿಗೆ ಸಾಹೇಬರು, ಯಾರೂ ಹೇಳಿಕೊಡದೆಯೇ, ಎದ್ದು ನಿಂತಿದ್ದರು. ಹದಿನೇಳು ಜನರಲ್ಲಿ ಒಬ್ಬರೂ ಕೂಗಾಡಲಿಲ್ಲ. ಅವರಿಗೆ ಬೇರೆ ಚಿಂತೆ. ಅಕ್ಕ ಏಕೆ ಬಂದಿಲ್ಲ, ಹುಷಾರಿಲ್ಲವೇ ಎಂದು ಸಾಹೇಬರನ್ನೇ ವಿಚಾರಿಸಿದರು. ಕೊನೆಗೆ ಆ ಮುದುಕಿ, “ಹೋಗ್ಲಿ ಬಿಡಪ್ಪ, ನೀನು ಹೊಸಬ. ಬರೋ ವಾರ ಅಕ್ಕ ಇದ್ದಾಗ ಬರ್ತೀವಿ,” ಎಂದು ಅವರಿಗೇ ಸಮಾಧಾನ ಹೇಳಿ ತಿರುಗಿದರು.

ಸಾಹೇಬರು ಬಾಗಿಲು ತೆಗೆದು ಹೊರಗೆ ಓಡಿದರು. ಸ್ಲೋ ಮೋಷನ್ನಿನಲ್ಲಿ ಅಲ್ಲ, ಸಾಕಷ್ಟು ಜೋರಾಗಿಯೇ, ಒಂದು ಚಪ್ಪಲಿ ಒಳಗೇ ಬಿಟ್ಟು. ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ, ಡಾಕ್ಟರ ಕೋಣೆಗೆ ಹೋಗಿ, ತಾವೇ ಕೈಮುಗಿದು ಕೇಳಿಕೊಂಡರು. ಆ ದಿನ ಎಪ್ಪತ್ತೇಳು ರೋಗಿಗಳನ್ನು ನೋಡಿ ಮುಗಿಸುವಷ್ಟರಲ್ಲಿ ಡಾಕ್ಟರ ಮಧ್ಯಾಹ್ನದ ಊಟ ಸಂಜೆಯಾಯಿತು.

ಮರುದಿನವೇ ಲಿಖಿತ ಆದೇಶ ಬಂತು: ಪ್ರತಿ ಮಂಗಳವಾರ ಹದಿನೈದು ಟೋಕನ್ ಕಿಟಕಿಗೆ, ಬಸ್ಸು ಬರುವ ತನಕ ಕಾಯ್ದಿರಿಸತಕ್ಕದ್ದು. ಅದರ ಕೆಳಗೆ, ರೋಗಿ ಮನೆಯಿಂದ ಹೊರಟ ಹೊತ್ತನ್ನು ಚೀಟಿಯಲ್ಲಿ ನಮೂದಿಸತಕ್ಕದ್ದು ಎಂದೂ ಇತ್ತು. ಅಷ್ಟು ವರ್ಷ ಚೀಟಿಯ ಮೂಲೆಯಲ್ಲಿ ಅಡಗಿ ಕೂತಿದ್ದ ಪ್ರಶ್ನೆಗೆ ನಮೂನೆಯಲ್ಲೇ ಒಂದು ಮನೆ ಸಿಕ್ಕಿತು. ಮೆಮೊ ಮಾತ್ರ ಅಕ್ಕನ ಸೇವಾ ಪುಸ್ತಕದಲ್ಲಿ ಹಾಗೇ ಇದೆ. ತೆಗೆಸಲೇ ಎಂದು ಸಾಹೇಬರು ಕೇಳಿದಾಗ, ಇರಲಿ ಬಿಡಿ, ಮಾಡಿದ್ದು ನಿಜ ತಾನೇ ಎಂದರಂತೆ.

ಆದರೆ ಬಸ್ಸಿನಲ್ಲಿ ಬರುವವರು ಕೆಲವು ವಾರ ಹದಿನೆಂಟು, ಕೆಲವು ವಾರ ಇಪ್ಪತ್ತು. ಹದಿನಾರನೆಯವರಿಗೆ ಅಕ್ಕ ಈಗಲೂ ಎದ್ದು ನಿಂತು ಇಲ್ಲ ಎನ್ನಬೇಕಾಗಿದೆ. ಬೀಳ್ಕೊಡುಗೆಗೆ ಏನು ಉಡುಗೊರೆ ಕೊಡುವುದೆಂದು ನಾವು ಗೋಡೆ ಗಡಿಯಾರವೋ ಮಿಕ್ಸಿಯೋ ಎಂದು ಕಿತ್ತಾಡುತ್ತಿದ್ದಾಗ, ಅವರು ಚೀಟಿ ಬರೆಯುತ್ತಲೇ ಹೇಳಿದರು: “ಮನೇಲಿ ಎರಡೂ ಇದೆ ಕಣ್ರೋ. ಐದು ಟೋಕನ್ ಕಡಿಮೆ ಇದೆ, ಅದನ್ನ ಕೊಡ್ಸೋಕಾಗುತ್ತಾ ನೋಡಿ.”

ನಮ್ಮ ಕೈಯಲ್ಲಿ ಅದಿಲ್ಲ. ಅದಿರುವ ಕೈ ಯಾವುದೆಂದು ಮಾತ್ರ ಗೊತ್ತು. ಅಕ್ಕನವರು ನೂರು ವರ್ಷ ಆರೋಗ್ಯದಿಂದ ಬಾಳಲಿ, ಅವರ ಸೊಂಟ ಗಟ್ಟಿಯಾಗಿರಲಿ, ನಿವೃತ್ತಿಯ ನಂತರವೂ ಮಂಗಳವಾರ ಬಂದು ನಮ್ಮನ್ನು ಕುರ್ಚಿಯಿಂದ ಎಬ್ಬಿಸುತ್ತಿರಲಿ ಎಂದು ಹಾರೈಸುವುದಷ್ಟೇ ನಮ್ಮ ಪಾಲಿನ ಕೆಲಸ. ಉಳಿದದ್ದು ಅಕ್ಕನ ಬೀಳ್ಕೊಡುಗೆಗೆಂದು ನಾವು ತಂದಿರುವ ಈ ಅಭಿನಂದನಾ ಸಂಪುಟವನ್ನು ಬಿಡುಗಡೆ ಮಾಡಲು ಒಪ್ಪಿರುವ ಆಡಳಿತಾಧಿಕಾರಿಗಳಿಗೆ ಬಿಟ್ಟದ್ದು. ಗುರುತಿಗೆ ಹಾಕಿರುವ ದಾರ ಹಿಡಿದು ತೆರೆದರೆ ಪುಸ್ತಕ ಈ ಪುಟಕ್ಕೇ ತೆರೆದುಕೊಳ್ಳುವಂತೆ ನಾವು ಏರ್ಪಾಟು ಮಾಡಿದ್ದೇವೆ. ಸಾರ್, ಈಗ ನೀವು ವೇದಿಕೆಯ ಮೇಲಿದ್ದೀರಿ. ಮೈಕು ನಿಮ್ಮ ಮುಂದೆಯೇ ಇದೆ. ಮುಂದಿನ ಸಾಲಿನಲ್ಲಿ ಅಕ್ಕ, ಅವರ ಹಿಂದೆ ಆ ಬಸ್ಸಿನ ಇಪ್ಪತ್ತು ಜನ ಕೂತಿದ್ದಾರೆ. ಮೂರೂವರೆಗೆ ಮನೆ ಬಿಟ್ಟು ಬಂದವರು. ಹದಿನೈದರ ಬದಲಿಗೆ ಒಂದೇ ಒಂದು ಸಂಖ್ಯೆ ಹೇಳಿಬಿಡಿ ಸಾರ್, ಅವರು ಕಾಯುತ್ತಿದ್ದಾರೆ.