ಕಂಬದ ಕೆಳಗೆ ಆರುವ ಕಾಫಿ

ಅಮೆರಿಕದ ಅಯೋವಾದಲ್ಲಿ ಗಾಳಿ ಅಳೆಯುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಆರ್ಲನ್ ಟ್ವೆಟ್‌ನಂಥ ಹಟಮಾರಿ, ಅಳತೆಯ ಕಂಬ ಕಾಯುವವನು ಇನ್ನೊಬ್ಬನಿಲ್ಲ. ಪೇಟೆಯ ತಾರಸಿಯೊಂದರ ಮೇಲೆ ಒಂದು ಕಂಬ, ಅವನಪ್ಪ ಮಾರಿದ ಮುಸುಕಿನಜೋಳದ ಹೊಲದಲ್ಲಿ ಇನ್ನೊಂದು. ನೆಲ ಎಷ್ಟು ಕಾವು ಬಿಡುತ್ತದೆ, ಗಾಳಿ ಎಷ್ಟು ಸುಳಿಯುತ್ತದೆ ಎಂದು ಎರಡರ ಯಂತ್ರಗಳೂ ಸೆಕೆಂಡಿಗೆ ಹತ್ತು ಸಲ ಬರೆದುಕೊಳ್ಳುತ್ತವೆ. ಆರ್ಲನ್‌ಗೆ ಅದು ಸಾಲದು. ಹೊತ್ತು ಮುಳುಗುತ್ತಲೇ, ಇವತ್ತು ಇಲ್ಲಿ ನಾಳೆ ಅಲ್ಲಿ, ಫ್ಲಾಸ್ಕಿನ ಕಾಫಿಯನ್ನು ಸಾಸರಿಗೆ ಸುರಿದು, ಆರುವ ತನಕ ಎಣಿಸುತ್ತಾನೆ. ಹೊಲದಲ್ಲಿ ಅರವತ್ತು, ತಾರಸಿಯಲ್ಲಿ ನೂರು ಎಂಬುದು ಅವನ ಹಳೇ ಲೆಕ್ಕ. "ಪೇಟೆ ಗೋಡೆ ಹಗಲೆಲ್ಲ ಬಿಸಿಲು ನುಂಗಿ ಸಂಜೆ ಕಕ್ಕುತ್ತೆ, ಗಾಳಿ ಬೆದರಿದ ದನದ ಹಾಗೆ ನುಗ್ಗಾಡುತ್ತೆ, ಕಾಫಿ ಮಾತ್ರ ಆರಲ್ಲ!" ಎಂಬುದು ಅವನ ವಾದ. "ಅಷ್ಟು ದುಬಾರಿ ಯಂತ್ರ ಇರೋವಾಗ ನಿನ್ನ ಸಾಸರ್ ಯಾಕಯ್ಯಾ?" ಎಂದು ಮೇಲಧಿಕಾರಿ ಮಾರ್ನಾ ರೇಗಿಸಿದರೆ, "ಯಂತ್ರ ಕಾಫಿ ಕುಡಿಯುತ್ತೇನಮ್ಮಾ?" ಎನ್ನುತ್ತಾನೆ. ಸಾಸರ್ ಅವನ ತಾಯಿಯದು. ಕುಯಿಲಿನ ದಿನಗಳಲ್ಲಿ ಅವಳು ಇದೇ ಹೊಲದಲ್ಲಿ ಅದಕ್ಕೆ ಕಾಫಿ ಸುರಿದು, ಆರಿಸಿ, ಎಲ್ಲರಿಗೂ ಕುಡಿಸುತ್ತಿದ್ದಳು. ಈಗ ಹೊಲದ ಮೂರು ಕಡೆ ಗೋದಾಮು, ಡಾಂಬರು. "ಯಂತ್ರದ ಅಂಕಿ ಹಾಗೂ ಹೇಳುತ್ತೆ, ಹೀಗೂ ಹೇಳುತ್ತೆ. ಪೇಟೆಗೆ ಹೋಲಿಸೋಕೆ ನೆಟ್ಟ ಹಳ್ಳಿ ಕಂಬ ಇನ್ನೂ ಹಳ್ಳೀದೇನಾ? ಅಲ್ಲ ಅಂದ್ರೆ ಕೀಳಬೇಕು. ನಲವತ್ತು ವರ್ಷ ನೋಡಿದೋನು, ನೀನೇ ಹೇಳು," ಎಂದಳು ಒಂದು ದಿನ ಮಾರ್ನಾ. ಆ ಸಂಜೆ ಹೊಲದ ಕಂಬದ ಕೆಳಗೆ ಅವನು ಅರವತ್ತಕ್ಕೆ ತುಟಿಯಿಟ್ಟ, ನಾಲಿಗೆ ಸುಟ್ಟಿತು. ಹೊಸದಾಗಿ ಸುರಿದು ಮತ್ತೆ ಎಣಿಸಿದ, ಕಾಫಿ ಆರಿದ್ದು ತೊಂಬತ್ತೇಳಕ್ಕೆ. ಸಾಸರನ್ನು ಅಂಗಿಯಲ್ಲಿ ಒರೆಸಿ ಜೇಬಿಗಿಟ್ಟು, ಕಂಬದ ದಾಖಲೆ ಪುಸ್ತಕದಲ್ಲಿ 'ಹಳ್ಳಿ' ಹೊಡೆದುಹಾಕಿ 'ಪೇಟೆ' ಎಂದು ಬರೆದ. ಆಮೇಲೆ ಕಂಬ ಬಿಚ್ಚುವ ಸ್ಪ್ಯಾನರನ್ನು ಗಾಡಿಯಿಂದ ತಾನೇ ತಂದ.